ದೇವಾರಾಧನೆಯಲ್ಲಿ ಮಕ್ಕಳ ಪಾಲು

(ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಉಪನ್ಯಾಸಕ್ಕೆ ಕರೆದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಕಿಟೆಲರ ಬಗ್ಗೆಯೋ ಬಾಸೆಲ್ ಮಿಷನ್ನಿನ ಅಚ್ಚುಕೂಟದ ಬಗ್ಗೆಯೋ ಮಾತಾಡಬಹುದಿತ್ತು. ಅವುಗಳ ಮೇಲೆ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳಿವೆ. ಅವನ್ನು ಓದಿ ಹೇಳಲು ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ. ಬಹಳ ವರ್ಷ ಕನ್ನಡ ಸಭೆಗಳಲ್ಲಿ ಸಂಡೇ ಸ್ಕೂಲ್ ಕಲಿಸಿದವಳು ನಾನು. ಆ ಕೆಲಸದಲ್ಲಿ ಇದ್ದಷ್ಟು ಕಾಲವೂ ಮನಸ್ಸಿನಲ್ಲಿ ಬೆಳೆದ ಒಂದು ತಕರಾರನ್ನೇ ಇವತ್ತಿನ ವಿಷಯ ಮಾಡಿಕೊಂಡಿದ್ದೇನೆ. ಭಾನುವಾರದ ಆರಾಧನೆಯಲ್ಲಿ ಎರಡನೆಯ ಹಾಡು ಮುಗಿಯುತ್ತಿದ್ದಂತೆ "ಮಕ್ಕಳು ಈಗ ತಮ್ಮ ತರಗತಿಗಳಿಗೆ ಹೋಗಬಹುದು" ಎನ್ನುವ ಪ್ರಕಟಣೆ ಅನೇಕ ಚರ್ಚುಗಳಲ್ಲಿ ಕೇಳುತ್ತದೆ. ಆ ಪ್ರಕಟಣೆ ಯಾಕೆ ಬೇಕು?

ಸಭಿಕರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು ಎಂದು ಬಲ್ಲೆ. ಆದರೆ ಮಕ್ಕಳನ್ನು ಮುಖ್ಯ ಕೆಲಸದಿಂದ ಆಚೆ ಕೂರಿಸಿ ಅವರಿಗಾಗಿಯೇ ಬೇರೊಂದು ಕೋಣೆ ಮಾಡುವ ರೂಢಿ ಚರ್ಚಿಗೆ ಮಾತ್ರ ಸೇರಿದ್ದಲ್ಲ. ಈ ಸಭಾಂಗಣದ ಹೊರಗಡೆಯೂ ಮಕ್ಕಳಿಗೆಂದು ಬಣ್ಣದ ಪೆನ್ಸಿಲ್ಲುಗಳನ್ನು ಇಟ್ಟ ಒಂದು ಮೇಜು ಕಂಡೆ! ಹಾಗಾಗಿ ಮಾತು ಎಲ್ಲರಿಗೂ ತಕ್ಕಮಟ್ಟಿಗೆ ಸಲ್ಲಬಹುದು ಎಂಬ ಧೈರ್ಯವಿದೆ.

ಮೊದಲು ಮೂಲಕ್ಕೆ ಹೋಗಿ, ಬೈಬಲ್ಲಿನಲ್ಲೂ ಆದಿ ಸಭೆಯಲ್ಲೂ ಮಕ್ಕಳು ಎಲ್ಲಿದ್ದರು ಎಂದು ನೋಡೋಣ. ಬಳಿಕ ಅವರು ಬೇರೆ ಕೋಣೆಗೆ ಹೋದದ್ದು ಹೇಗೆ ಎಂಬ ಚರಿತ್ರೆ. ಅದರಲ್ಲಿ ಈ ಬಂಗಾಳಕ್ಕೂ ನಮ್ಮ ಕನ್ನಡಕ್ಕೂ ಒಂದು ನಂಟಿದೆ. ಮೂರನೆಯದು, "ಮಕ್ಕಳಿಗೆ ಅರ್ಥವಾಗುವುದಿಲ್ಲ" ಎಂಬ ಆಕ್ಷೇಪಣೆ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೊನೆಗೆ ಪ್ರಭು ಭೋಜನದ ಪ್ರಶ್ನೆ, ಮತ್ತು ಮಾಡಬಹುದಾದ ಕೆಲವು ಕೆಲಸಗಳು.

ಮೊದಲನೆಯ ವಿಷಯ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 31ನೆಯ ಅಧ್ಯಾಯದಲ್ಲಿ ಮೋಶೆ ಕೊಡುವ ಒಂದು ಅಪ್ಪಣೆ ಇದೆ. ಏಳು ವರ್ಷಕ್ಕೊಮ್ಮೆ ಪರ್ಣಶಾಲೆಗಳ ಹಬ್ಬದಲ್ಲಿ ಜನರನ್ನೆಲ್ಲ ಕೂಡಿಸಿ ಧರ್ಮಶಾಸ್ತ್ರವನ್ನು ಓದಿ ಕೇಳಿಸಬೇಕು. ಯಾರು ಯಾರು ಬರಬೇಕು ಎಂಬ ಪಟ್ಟಿಯನ್ನೂ ಆತ ಕೊಡುತ್ತಾನೆ: ಗಂಡಸರು, ಹೆಂಗಸರು, ಮಕ್ಕಳು, ಮತ್ತು ನಿಮ್ಮ ಊರುಗಳಲ್ಲಿ ಬಂದು ನೆಲೆಸಿದ ಪರದೇಶಸ್ಥರು. ಮಕ್ಕಳೂ ಪರಸ್ಥಳದವರೂ ಒಂದೇ ಉಸಿರಿನಲ್ಲಿ ಬರುವುದನ್ನು ಗಮನಿಸಿ. ಪೂರ್ತಿ ಅರ್ಥವಾಗದವರು ಎಂದು ಸುಲಭವಾಗಿ ಹೊರಗಿಡಬಹುದಾದ ಎರಡು ಗುಂಪುಗಳನ್ನೇ ಅಲ್ಲಿ ಹೆಸರಿಸಿ ಒಳಗೆ ಕರೆದಿದೆ. ಕೋಲ್ಕತ್ತದಲ್ಲಿ ಬಂದು ನೆಲೆಸಿದ ಕನ್ನಡಿಗರಿಗೆ ಈ ಪಟ್ಟಿಯ ಸ್ವಾರಸ್ಯ ನಾನು ಬಿಡಿಸಿ ಹೇಳಬೇಕಿಲ್ಲ.

ಪಸ್ಕ ಹಬ್ಬದ ಏರ್ಪಾಡು ಇನ್ನೂ ಒಂದು ಹೆಜ್ಜೆ ಮುಂದಿದೆ. ಈ ಆಚರಣೆ ಯಾಕೆ ಎಂದು ನಿಮ್ಮ ಮಕ್ಕಳು ಕೇಳುವರು, ಆಗ ಹೀಗೆ ಹೇಳಬೇಕು ಎಂದು ವಿಮೋಚನಕಾಂಡದ 12ನೆಯ ಅಧ್ಯಾಯ ವಿಧಿಸುತ್ತದೆ. ಮಗು ಕೇಳಿಯೇ ಕೇಳುತ್ತದೆ ಎಂದು ನಂಬಿ ಕಟ್ಟಿದ ಆರಾಧನೆ ಅದು. ಇವತ್ತಿಗೂ ಯೆಹೂದಿಗಳ ಮನೆಗಳಲ್ಲಿ ಪಸ್ಕದ ರಾತ್ರಿ ಊಟಕ್ಕೆ ಕೂತವರಲ್ಲಿ ಎಲ್ಲರಿಗಿಂತ ಕಿರಿಯ ಮಗುವೇ ಗೊತ್ತಾದ ಪ್ರಶ್ನೆಗಳನ್ನು ಕೇಳುವುದು ಸಂಪ್ರದಾಯ. ಮಗು ಪ್ರಶ್ನೆ ಕೇಳದಿದ್ದರೆ ದೊಡ್ಡವರ ಕಥೆ ಮುಂದೆ ಹೋಗುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ, ಮಕ್ಕಳನ್ನು ತಡೆಯಬೇಡಿರಿ ಎಂದು ಯೇಸು ಶಿಷ್ಯರನ್ನು ಗದರಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಸಂಡೇ ಸ್ಕೂಲಿನ ಗೋಡೆಗಳಲ್ಲೆಲ್ಲ ಅದರ ಚಿತ್ರ ತೂಗುತ್ತದೆ. ತಡೆಯುವ ಕೆಲಸವೂ ಅದೇ ಗೋಡೆಯ ಪಕ್ಕದಲ್ಲಿ ನಡೆಯುತ್ತದೆ ಎಂದು ಒಮ್ಮೊಮ್ಮೆ ನನಗೆ ಅನಿಸಿದ್ದುಂಟು. ಅದಕ್ಕಿಂತ ಕಡಿಮೆ ಉದಾಹರಿಸುವ ಒಂದು ಪ್ರಸಂಗ ಮತ್ತಾಯನ 21ನೆಯ ಅಧ್ಯಾಯದಲ್ಲಿದೆ. ಯೆರೂಸಲೇಮಿನ ದೇವಾಲಯದೊಳಗೆ ಮಕ್ಕಳು ಜಯಘೋಷ ಹಾಕುತ್ತಿದ್ದಾರೆ. ಮಹಾಯಾಜಕರಿಗೆ ಸಿಟ್ಟು ಬರುತ್ತದೆ. ಯೇಸು ವಹಿಸುವುದು ಮಕ್ಕಳ ಪರ.

ಪೌಲನ ಪತ್ರಗಳನ್ನೂ ನೋಡಬಹುದು. ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಗಳಲ್ಲಿ ಗಂಡಂದಿರಿಗೆ, ಹೆಂಡತಿಯರಿಗೆ ಬುದ್ಧಿ ಹೇಳುತ್ತ, ನಡುವೆ ಮಕ್ಕಳೇ ಎಂದು ನೇರವಾಗಿ ಅವರನ್ನೇ ಕರೆದು ಮಾತಾಡುತ್ತಾನೆ ಪೌಲ. ಆ ಪತ್ರಗಳು ಮನೆಯಲ್ಲಿ ಒಬ್ಬರೇ ಕೂತು ಓದಿಕೊಳ್ಳಲು ಬಂದವಲ್ಲ, ಸಭೆ ಕೂಡಿದಾಗ ಗಟ್ಟಿಯಾಗಿ ಓದಿಸಿದವು. ಮಕ್ಕಳು ಅಲ್ಲಿ ಕೂತಿಲ್ಲದಿದ್ದರೆ ಹಾಗೆ ಕರೆಯುವುದರಲ್ಲಿ ಅರ್ಥವಿಲ್ಲ. ದೀರ್ಘ ಪ್ರಸಂಗದಿಂದ ಆಗುವ ಅಪಾಯವನ್ನೂ ಬೈಬಲ್ ಮುಚ್ಚಿಟ್ಟಿಲ್ಲ. ತ್ರೋವದಲ್ಲಿ ಪೌಲ ನಡುರಾತ್ರಿಯವರೆಗೆ ಮಾತಾಡಿದಾಗ, ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ. ಪ್ರಸಂಗಿಗಳು ವರ್ಷಕ್ಕೊಮ್ಮೆಯಾದರೂ ಆ ಅಧ್ಯಾಯ ಓದಿಕೊಳ್ಳುವುದು ಕ್ಷೇಮ.

ಆದಿ ಸಭೆಯಿಂದ ಎರಡೇ ಸಾಕ್ಷ್ಯ ಕೊಡುತ್ತೇನೆ. ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬರೆದ ಒಂದು ಗ್ರಂಥದಲ್ಲಿ, ಮಾತು ಬಾರದ ಹಸುಗೂಸಿಗೆ ಸೇವಕನು ಪ್ರಭು ಭೋಜನದ ಪಾತ್ರೆಯನ್ನು ಕೊಡಲು ಹೋದ ಪ್ರಸಂಗ ಬರುತ್ತದೆ. ಆತ ಹೇಳಹೊರಟದ್ದು ಬೇರೊಂದು ಮಾತು. ಕೂಸಿಗೆ ಕೊಡುವುದು ವಾಡಿಕೆಯೇ ಎಂಬಂತೆ ಬರೆದುಬಿಟ್ಟಿದ್ದಾನೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಯೆರೂಸಲೇಮಿಗೆ ಯಾತ್ರೆ ಹೋದ ಎಗೇರಿಯ ಎಂಬ ಹೆಂಗಸು ಅಲ್ಲಿನ ಸಂಜೆಯ ಪ್ರಾರ್ಥನೆಯನ್ನು ವಿವರವಾಗಿ ದಾಖಲಿಸಿದ್ದಾಳೆ. ಸೇವಕನು ಒಬ್ಬೊಬ್ಬರ ಹೆಸರು ಹೇಳುತ್ತ ಹೋದಂತೆ, ಪಕ್ಕದಲ್ಲಿ ನಿಂತ ಚಿಕ್ಕ ಮಕ್ಕಳು ಪ್ರತಿ ಹೆಸರಿಗೂ ಕರ್ತನೇ ಕರುಣಿಸು ಎಂದು ದನಿಗೂಡಿಸುತ್ತಿದ್ದರಂತೆ. ಆ ಮಕ್ಕಳು ಸುಮ್ಮನೆ ಇದ್ದವರಲ್ಲ. ಪ್ರಾರ್ಥನೆಯ ಒಂದು ಭಾಗವನ್ನೇ ಅವರಿಗೆ ವಹಿಸಿತ್ತು.

ಇನ್ನು ಎರಡನೆಯ ವಿಷಯಕ್ಕೆ ಬರೋಣ. ಹೀಗಿದ್ದ ಮಕ್ಕಳು ಬೇರೆ ಕೋಣೆಗೆ ಹೋದದ್ದು ಹೇಗೆ?

ಕಾರಣಗಳು ಹಲವು, ನಮ್ಮ ಕಾಲಕ್ಕೆ ಹತ್ತಿರದ್ದು ಸಂಡೇ ಸ್ಕೂಲ್. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೋದ್ಯಮಿ ಅದಕ್ಕೆ ಒಂದು ರೂಪ ಕೊಟ್ಟ. ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಭಾನುವಾರ ಒಂದೇ ಬಿಡುವು. ಅಂದು ಅವರಿಗೆ ಓದು ಕಲಿಸುವುದು ಅವನ ಉದ್ದೇಶ. ಆರಾಧನೆಯಿಂದ ಮಕ್ಕಳನ್ನು ಎಬ್ಬಿಸುವ ಆಲೋಚನೆ ಅದರಲ್ಲಿ ಇರಲಿಲ್ಲ. ಮುಂದೆ ಸರ್ಕಾರಿ ಶಾಲೆಗಳು ಬಂದು ಓದು ಕಲಿಸುವ ಹೊಣೆ ತಪ್ಪಿದಾಗ, ಸಂಡೇ ಸ್ಕೂಲ್ ಪೂರ್ತಿಯಾಗಿ ಧರ್ಮಬೋಧೆಯ ತರಗತಿಯಾಯಿತು. ಕಾಲಕ್ರಮೇಣ ಅನೇಕ ಕಡೆ ದೊಡ್ಡವರ ಆರಾಧನೆಯೂ ಮಕ್ಕಳ ತರಗತಿಯೂ ಒಂದೇ ಗಂಟೆಗೆ ಬಂದು ನಿಂತವು. ವೇಳಾಪಟ್ಟಿಯ ಅನುಕೂಲಕ್ಕೆ ಮಾಡಿದ್ದು ಮುಂದೆ ಪದ್ಧತಿಯಾಗಿ ಉಳಿಯಿತು. ಭಾರತದಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿದ್ದು 1876ರಲ್ಲಿ. ಅಷ್ಟು ಹೊತ್ತಿಗೆ ಸಂಡೇ ಸ್ಕೂಲ್ ಮಿಷನ್ ಸಭೆಗಳ ಗುರುತೇ ಆಗಿತ್ತು.

ನಂಟಿನ ಮಾತು ಹೇಳಿದ್ದೆ. ಇಲ್ಲಿ ಸೆಕ್ಟರ್ ಫೈವ್‌ನಲ್ಲಿ ಮೆಟ್ರೊ ಹತ್ತಿ ಹೌರಾದಲ್ಲಿ ಇಳಿದು, ಲೋಕಲ್ ರೈಲು ಹಿಡಿದರೆ ಶ್ರೀರಾಮಪುರ ಸಿಗುತ್ತದೆ. ಈ ಊರಿನ ಕನ್ನಡಿಗರು ಒಮ್ಮೆಯಾದರೂ ಹೋಗಬೇಕಾದ ಜಾಗ. ಮಿಷನರಿ ವಿಲಿಯಂ ಕೇರಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು 1817ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿ. ಅದಕ್ಕೂ ಮೊದಲು, 1812ರ ಮಾರ್ಚ್ 11ರಂದು ಅಲ್ಲಿನ ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಸೇರಿತ್ತು. ಮತ್ತೆ ಕೂತು ಮಾಡಿದ ಅನುವಾದ 1823ರಲ್ಲಿ ಹೊರಬಂತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಬೇರೆಯಾಗಿ ಇದೇ ಕೆಲಸದಲ್ಲಿದ್ದ. ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿದ್ದು ಅವನಿಂದ, 1831ರಲ್ಲಿ.

ಶ್ರೀರಾಮಪುರದ ಈ ಮಿಷನರಿಗಳು ಬ್ಯಾಪ್ಟಿಸ್ಟರು. ಅವರ ಪಂಥದಲ್ಲಿ ಹಸುಗೂಸಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ಬಂದ ಮೇಲೆ ತಾನೇ ನಂಬಿಕೆಯನ್ನು ಹೇಳಿಕೊಂಡು ನೀರಿಗಿಳಿಯಬೇಕು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೃಷ್ಣ ಪಾಲ್ ಎಂಬ ಬಡಗಿ ದೀಕ್ಷಾಸ್ನಾನ ಪಡೆದ ದಿನ ಬಂಗಾಳದ ಸಭೆಯ ಚರಿತ್ರೆಯಲ್ಲಿ ದೊಡ್ಡದು. ಅಂದು ಅದೇ ನೀರಿಗಿಳಿದ ಇನ್ನೊಬ್ಬ ಕೇರಿಯ ಮಗ ಫೀಲಿಕ್ಸ್, ಇನ್ನೂ ಹದಿಹರೆಯದವನು. ಇತ್ತ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹಸುಗೂಸುಗಳಿಗೂ ದೀಕ್ಷಾಸ್ನಾನ ಕೊಡುವವರು. ಎರಡು ನಿಲುವುಗಳೂ ಇವತ್ತು ನಮ್ಮ ನಡುವೆ ಇವೆ. ಅವುಗಳ ವಾದಕ್ಕೆ ನಾನು ಇಳಿಯುವುದಿಲ್ಲ. ಒಂದು ಮಾತು ಮಾತ್ರ: ಹಸುಗೂಸಿಗೆ ದೀಕ್ಷಾಸ್ನಾನ ಕೊಟ್ಟು ಇದು ನಮ್ಮ ಸಭೆಯ ಸದಸ್ಯ ಎಂದು ಎಲ್ಲರೂ ಎದ್ದು ನಿಂತು ಒಪ್ಪಿಕೊಳ್ಳುವ ಸಭೆಯೇ, ಮುಂದೆ ಹತ್ತು ಹನ್ನೆರಡು ವರ್ಷ ಆ ಸದಸ್ಯನನ್ನು ಆರಾಧನೆಯ ಅರ್ಧದಲ್ಲಿ ಎಬ್ಬಿಸಿ ಕಳಿಸಿದರೆ ಅದಕ್ಕೆ ಸಮಜಾಯಿಷಿ ಹುಡುಕುವುದು ಕಷ್ಟ.

ಈಗ ಮೂರನೆಯದಕ್ಕೆ. ಸಭಾಪಾಲಕರೂ ಕಮಿಟಿಯವರೂ ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: "ಪ್ರಸಂಗ ಅವಕ್ಕೆ ಅರ್ಥ ಆಗಂಗಿಲ್ರೀ, ಸುಮ್ನೆ ಗದ್ದಲಾ ಮಾಡ್ತಾವ." ಧಾರವಾಡದ ಕಡೆ ಈ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಇದರಲ್ಲಿ ಎರಡು ವಾದಗಳಿವೆ, ಬೇರೆಬೇರೆಯಾಗಿ ನೋಡಬೇಕು.

ಅರ್ಥದ ವಾದ ಸೆಕ್ಟರ್ ಫೈವ್‌ಗೆ ಬಂದರೆ ತಲೆಕೆಳಗಾಗುತ್ತದೆ. ನಿನ್ನೆ ಇಲ್ಲಿನ ಒಬ್ಬ ಗೆಳತಿಯ ಮನೆಯವರೊಂದಿಗೆ ಒಂದು ಬಂಗಾಳಿ ಆರಾಧನೆಗೆ ಹೋಗಿದ್ದೆ. ಗಂಡಹೆಂಡತಿ ಇಬ್ಬರೂ ಇಲ್ಲಿನ ಕಂಪನಿಗಳಲ್ಲಿ ಕೆಲಸ ಮಾಡುವವರು. ಆಫೀಸಿನ ಇಂಗ್ಲಿಷ್ ಹಿಂದಿಯಲ್ಲೇ ವರ್ಷಗಳು ಕಳೆದಿವೆ, ಬಂಗಾಳಿ ತರಕಾರಿ ಅಂಗಡಿಯ ಮಟ್ಟದ್ದು. ಮಗಳು ಎರಡನೆಯ ತರಗತಿ. ಅವಳು ಪಾಠವಾಚನ ಮುಗಿಯುವ ತನಕ ತಾಯಿಯ ಭುಜಕ್ಕೆ ಗಲ್ಲ ಆನಿಸಿ, "ಅಮ್ಮಾ, ಈಗ ಕುರಿ ಕಳ್ದೋಯ್ತಂತೆ... ಈಗ ಹುಡುಕ್ತಿದಾರೆ" ಎಂದು ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಪ್ರಸಂಗದ ಹೊತ್ತಿಗೆ ಸಂಡೇ ಸ್ಕೂಲಿನ ಅಕ್ಕ ಬಂದು ಅವಳನ್ನು ಕರೆದುಕೊಂಡು ಹೋದಳು. ಉಳಿದವರು ನಾವು ಮೂವರು, ಏನೂ ತಿಳಿಯದೆ, ಆದರೆ ದೊಡ್ಡವರೆಂಬ ಒಂದೇ ಅರ್ಹತೆಯ ಮೇಲೆ ಬೆಂಚಿನಲ್ಲಿ ಕೂತಿದ್ದೆವು. ಅರ್ಥವಾಗುವವರು ಮಾತ್ರ ಒಳಗಿರಬೇಕೆಂಬ ನಿಯಮ ಇದ್ದರೆ ಎದ್ದು ಹೋಗಬೇಕಾಗಿದ್ದವರು ನಾವು.

ಹಾಗೆಂದು ತಿಳಿವಳಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಆರಾಧನೆಯ ತಿಳಿವಳಿಕೆ ಪ್ರಸಂಗದ ತಿಳಿವಳಿಕೆಗಿಂತ ದೊಡ್ಡದು, ಅದು ಬರುವ ದಾರಿಯೂ ಬೇರೆ. ಕರಾವಳಿಯವರಿಗೆ ಹೇಳುವುದಾದರೆ, ಯಕ್ಷಗಾನ ಬಯಲಾಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಅರ್ಥಗಾರಿಕೆ ತಿಳಿಯುತ್ತದೆಯೇ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ಮಗು ಒಂದಿಷ್ಟು ನೋಡುತ್ತದೆ, ತಾಯಿಯ ಮಡಿಲಲ್ಲಿ ನಿದ್ದೆ ಮಾಡುತ್ತದೆ, ಚಂಡೆಗೆ ಎಚ್ಚರವಾಗಿ ಮತ್ತೆ ನೋಡುತ್ತದೆ. ಹತ್ತು ವರ್ಷದಲ್ಲಿ ಆ ಹುಡುಗನಿಗೆ ಪ್ರಸಂಗಗಳೇ ಬಾಯಿಪಾಠವಾಗಿರುತ್ತವೆ.

ನಮ್ಮ ಕನ್ನಡ ಸಭೆಗಳ ಹಾಡಿನ ಪರಂಪರೆಯಲ್ಲೇ ಇದಕ್ಕೆ ಆಧಾರವಿದೆ. ಎರಡು ಬಗೆಯ ಹಾಡುಗಳನ್ನು ನಾವು ಹಾಡುತ್ತೇವೆ. ಒಂದು, ಜರ್ಮನ್, ಇಂಗ್ಲಿಷ್ ಧಾಟಿಗಳಿಗೆ ಕನ್ನಡ ಪದಗಳನ್ನು ಹೊಂದಿಸಿದ್ದು; ಸಾಲು ಸಾಲೂ ಬೇರೆ, ಪುಸ್ತಕ ನೋಡದೆ ಹಾಡಲಾಗದು. ಇನ್ನೊಂದು, ರಾಗತಾಳದಲ್ಲಿ ಪಲ್ಲವಿ ಚರಣಗಳಾಗಿ ಕಟ್ಟಿದ ಕೀರ್ತನೆ. ಅಕ್ಷರ ಬಾರದ ಮಗು ಮೊದಲನೆಯದರಲ್ಲಿ ಬಾಯಿ ಮುಚ್ಚಿ ನಿಂತಿರುತ್ತದೆ. ಎರಡನೆಯದರಲ್ಲಿ, ಮೂರನೆಯ ಸಲ ಪಲ್ಲವಿ ಬರುವ ಹೊತ್ತಿಗೆ ಅದರ ದನಿ ಎಲ್ಲರಿಗಿಂತ ಮೇಲಿರುತ್ತದೆ. ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟೆಲ್ ನಿಘಂಟಿಗೆ ಎಷ್ಟೋ ಮೊದಲು, 1862ರಲ್ಲೇ, ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿ ಕಥಾಮಾಲೆಯಾಗಿ ಬರೆದರು. ಈ ನೆಲದ ಕಿವಿಗೆ ಯಾವುದು ಹತ್ತುತ್ತದೆ ಎಂಬುದು ಅವರಿಗೆ ತಿಳಿದಿತ್ತು. ನಗರದ ಸಭೆಗಳಲ್ಲಿ ಈಗ ಕೀರ್ತನೆ ಕಡಿಮೆಯಾಗಿ ಪರದೆಯ ಮೇಲೆ ಸಾಲು ಓಡಿಸುವ ಹಾಡು ಹೆಚ್ಚಾಗಿದೆ. ಗಿಟಾರಿನ ಮೇಲೆ ನನಗೇನೂ ಕೋಪವಿಲ್ಲ; ಓದು ಬಾರದ ಮಗುವಿಗೆ ಆ ಪರದೆಯಿಂದ ಉಪಯೋಗವಿಲ್ಲ ಎಂದಷ್ಟೇ ಹೇಳುತ್ತೇನೆ.

ಕೈಕಾಲಿಗೆ ಕೆಲಸ ಕೊಟ್ಟರೆ ಮಕ್ಕಳು ಹೇಗೆ ಒಳಗೊಳ್ಳುತ್ತಾರೆ ಎಂಬುದಕ್ಕೆ ಕರ್ನಾಟಕದಲ್ಲಿ ನನಗೆ ಗೊತ್ತಿರುವ ಚೆಂದದ ಉದಾಹರಣೆ ಕರಾವಳಿಯ ಕಥೊಲಿಕರ ಮೊಂತಿ ಹಬ್ಬ. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಹೊಸ ತೆನೆಯ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನ. ಮಂಗಳೂರು, ಉಡುಪಿಯ ಸೀಮೆಯಲ್ಲೂ, ಗಡಿಯಾಚೆ ಕಾಸರಗೋಡಿನ ಬೇಳದಂಥ ಊರುಗಳಲ್ಲೂ ಆ ದಿನಗಳಲ್ಲಿ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂವು ತರುತ್ತಾರೆ. ದಾಸವಾಳ, ಗೋರಂಟಿ, ಡೇಲಿಯಾ, ಬೇಲಿಯಂಚಿನ ಹೆಸರು ಗೊತ್ತಿಲ್ಲದ ಕಾಡು ಹೂವು, ಮಳೆಯಲ್ಲಿ ಅರ್ಧ ನೆನೆದದ್ದು. ಬಾಲ ಮರಿಯಳ ಪುಟ್ಟ ಪ್ರತಿಮೆಯ ಮುಂದೆ ಸಾಲಾಗಿ ಬಂದು, ಹಾಡಿನ ಜೊತೆಗೆ ಹಿಡಿಹಿಡಿಯಾಗಿ ಹೂವು ಎರಚುತ್ತಾರೆ. ಎಂಟನೆಯ ತಾರೀಖು ಗುರುಗಳು ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಆ ತೆನೆಯ ಕಾಳು ಹಾಲಿಗೋ ಪಾಯಸಕ್ಕೋ ಬಿದ್ದು ಎಲ್ಲರ ಬಾಯಿಗೂ ಹೋಗುತ್ತದೆ.

ಗಮನಿಸಬೇಕಾದದ್ದು ಏನೆಂದರೆ, ಅಲ್ಲಿ ಹೂವು ತರುವುದು ಮಕ್ಕಳ ಕೆಲಸ, ಅವರು ಬಾರದಿದ್ದರೆ ಆ ದಿನದ ವಿಧಿಯೇ ಬಡವಾಗುತ್ತದೆ. ದೊಡ್ಡವರು ಹಿಂದೆ ನಿಂತು ಹಾಡುತ್ತಾರೆ. ವಾರ್ಷಿಕ ಮಕ್ಕಳ ಭಾನುವಾರದ ಜೊತೆ ಹೋಲಿಸಿ ನೋಡಿ. ಅಂದು ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿ, ಮುಂದೆ ನಿಲ್ಲಿಸಿ, ಬಾಯಿಪಾಠ ಮಾಡಿಸಿದ್ದನ್ನು ಹೇಳಿಸುತ್ತೇವೆ. ತಂದೆತಾಯಿ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಮುಗಿದ ಮೇಲೆ ಚಪ್ಪಾಳೆ. ಮುಂದಿನ ವಾರ ಮಕ್ಕಳು ಮತ್ತೆ ತರಗತಿಗೆ. ಅದನ್ನು ಕಾರ್ಯಕ್ರಮ ಎನ್ನಬಹುದು. ಅಂಥ ಅನೇಕ ಕಾರ್ಯಕ್ರಮಗಳನ್ನು ನಾನೇ ಮುಂದೆ ನಿಂತು ನಡೆಸಿದ್ದೇನೆ, ಚಪ್ಪಾಳೆಯಿಂದ ಖುಷಿಯೂ ಪಟ್ಟಿದ್ದೇನೆ. ಆರಾಧನೆ ಎಂದು ಮಾತ್ರ ಕರೆಯಲಾರೆ.

ಇನ್ನು ಗದ್ದಲದ ವಾದ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ವಾರದಲ್ಲಿ ಒಂದೇ ಒಂದು ಗಂಟೆ ಶಾಂತವಾಗಿ ಕೂರಬೇಕೆಂದು ಬರುವ ವಿಧವೆ ಇದ್ದಾಳೆ. ಕಿವಿ ಮಂದವಾದ ಅಜ್ಜ ಇದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಚಿಕ್ಕ ಮಕ್ಕಳ ತಾಯಿ ಇದ್ದಾಳೆ. ಮಗುವನ್ನು ಬೆಂಚಿನಲ್ಲೇ ಇಟ್ಟುಕೊಳ್ಳಿ ಎಂದು ನಾವು ಬೋಧಿಸುವಾಗ ಆ ಒಂದೂವರೆ ಗಂಟೆಯ ದುಡಿಮೆ ಯಾರ ತಲೆಗೆ ಬೀಳುತ್ತದೆ? ಬಹಳ ಕಡೆ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕೂರುವ ರೂಢಿ ಇನ್ನೂ ಇದೆ. ಮಕ್ಕಳೆಲ್ಲ ಹೆಂಗಸರ ಬದಿಯಲ್ಲೇ. ಅತ್ತರೆ ಎತ್ತಿಕೊಂಡು ಹೊರಗೆ ಹೋಗುವವಳೂ ತಾಯಿಯೇ, ಹಿಂದಿನ ಬೆಂಚಿನವರ ಕಣ್ಣಿಗೆ ಗುರಿಯಾಗುವವಳೂ ಅವಳೇ. ಅವಳ ಪಾಲಿಗೆ ಆ ತರಗತಿ ವಾರದ ಒಂದೇ ಬಿಡುವು ಆಗಿದ್ದರೆ, ಅದನ್ನು ಕಿತ್ತುಕೊಳ್ಳುವ ಮೊದಲು ಸಭೆ ಉತ್ತರ ಕೊಡಬೇಕು. ಮಕ್ಕಳನ್ನು ಒಳಗಿಟ್ಟುಕೊಳ್ಳುವುದು ಎಂದರೆ ಪಕ್ಕದ ಬೆಂಚಿನ ಅಣ್ಣನೋ ಹಿಂದಿನ ಸಾಲಿನ ಅಜ್ಜಿಯೋ ಆ ಮಗುವನ್ನು ಎತ್ತಿಕೊಳ್ಳುವುದು ಎಂದೇ ಅರ್ಥ. ತಂದೆಯರ ಬದಿಗೂ ಮಕ್ಕಳು ಹೋಗಲಿ.

ಈ ಊರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಸೆಕ್ಟರ್ ಫೈವ್‌ನ ಕುಟುಂಬವೊಂದರ ದಿನ ನೋಡಿ. ಮಗು ಶಾಲೆಗೆ, ಅಲ್ಲಿಂದ ಕ್ರೆಷ್‌ಗೆ. ಅಪ್ಪನ ಪಾಳಿ ಅಮೆರಿಕದ ಗಡಿಯಾರಕ್ಕೆ, ಅಮ್ಮನದು ಇಲ್ಲಿನದಕ್ಕೆ. ಅಜ್ಜಅಜ್ಜಿ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ, ಫೋನಿನ ಪರದೆಯಲ್ಲಿ. ಮೂವರೂ ಒಂದೇ ಕಡೆ ಮುಖ ಮಾಡಿ ಒಂದು ಗಂಟೆ ಕೂರುವುದು ಭಾನುವಾರ ಬೆಳಿಗ್ಗೆ ಮಾತ್ರ. ಅದನ್ನೂ ವಯಸ್ಸಿನ ಲೆಕ್ಕದಲ್ಲಿ ಬೇರೆಬೇರೆ ಕೋಣೆಗಳಿಗೆ ಹಂಚಿದರೆ, ಕಚೇರಿ ಮಾಡಿದ ಕೆಲಸವನ್ನೇ ಚರ್ಚೂ ಮುಂದುವರಿಸಿದಂತೆ. ಇಲ್ಲಿ ಅಜ್ಜಿಯಿಲ್ಲದ ಮಗುವಿಗೆ ಒಬ್ಬ ಬಂಗಾಳಿ ದೀದಿಮಾ ಸಿಗುವ ಜಾಗವೂ ಆ ಬೆಂಚೇ.

ಇನ್ನು ಪ್ರಭು ಭೋಜನ. ಇದು ಸಭೆಗಳು ಇನ್ನೂ ಒಮ್ಮತಕ್ಕೆ ಬಾರದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ದೀಕ್ಷಾಸ್ನಾನದ ಜೊತೆಯಲ್ಲೇ ತೈಲಾಭಿಷೇಕ, ಅದರ ಜೊತೆಯಲ್ಲೇ ಕುರ್ಬಾನ, ಅಂದರೆ ಪ್ರಭು ಭೋಜನ. ಕೈಗೂಸೂ ಪಾಲು ಪಡೆಯುತ್ತದೆ. ದೂರದ ಮಾತಲ್ಲ, ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಮಲಂಕರ ಆರ್ಥಡಾಕ್ಸ್ ಸಭೆಗೆ ಸೇರಿದ ನಮ್ಮವರೇ ಇದ್ದಾರೆ. ಪಶ್ಚಿಮದ ಸಭೆಯಲ್ಲಿ ಮಧ್ಯಯುಗದಲ್ಲಿ ಈ ರೂಢಿ ತಪ್ಪಿತು. ಕಥೊಲಿಕರಲ್ಲಿ ಹತ್ತು ಹನ್ನೆರಡು, ಕೆಲವು ಕಡೆ ಇನ್ನೂ ಹೆಚ್ಚು ವಯಸ್ಸಿಗೆ ತಳ್ಳಿದ್ದ ಪ್ರಥಮ ಪರಮಪ್ರಸಾದವನ್ನು 1910ರಲ್ಲಿ ಹತ್ತನೆಯ ಪಯಸ್ ಪೋಪರು ಏಳು ವರ್ಷದ ಆಸುಪಾಸಿಗೆ ತಂದರು. ಮಕ್ಕಳ ಜೊತೆಗಿನ ಬಲಿಪೂಜೆಯ ಬಗ್ಗೆ 1973ರಲ್ಲಿ ರೋಮಿನಿಂದ ಒಂದು ನಿರ್ದೇಶಿಕೆಯೇ ಬಂತು. ದೊಡ್ಡವರೇ ಹೆಚ್ಚಾಗಿರುವ ಪೂಜೆಯಲ್ಲೂ ಮಕ್ಕಳನ್ನು ಹೆಸರಿಟ್ಟು ಮಾತಾಡಿಸಬೇಕು, ಅವರಿಗೆ ಕೆಲಸ ಕೊಡಬೇಕು, ವಾಕ್ಯದ ಭಾಗಕ್ಕೆ ಬೇರೆ ಕೂಡಿಸಿದರೂ ಬಲಿಪೂಜೆಗೆ ಮರಳಿ ಕರೆತರಬೇಕು ಎಂಬುದು ಅದರ ಧೋರಣೆ. ಪ್ರೊಟೆಸ್ಟಂಟರು ಹೆಚ್ಚಾಗಿ ಹದಿಹರೆಯದ ದೃಢೀಕರಣದವರೆಗೆ ಕಾಯಿಸುತ್ತ ಬಂದವರು. 1982ರಲ್ಲಿ ಪೆರುವಿನ ಲಿಮಾದಲ್ಲಿ ಒಪ್ಪಿಗೆಯಾದ ವಿಶ್ವ ಸಭೆಗಳ ಮಂಡಳಿಯ ದಾಖಲೆ ಅವರ ಮುಂದೆ ಒಂದು ಪ್ರಶ್ನೆ ಇಟ್ಟಿತು: ಮಗುವಿಗೆ ದೀಕ್ಷಾಸ್ನಾನ ಕೊಟ್ಟು ಮೇಜಿಗೆ ಕರೆಯದ ಸಭೆ, ತಾನು ಕೊಟ್ಟ ದೀಕ್ಷಾಸ್ನಾನದ ಪರಿಣಾಮವನ್ನು ಪೂರ್ತಿ ಯೋಚಿಸಿದೆಯೇ? ನನ್ನ ಅಭಿಪ್ರಾಯ ಕೇಳಿದರೆ, ಬ್ರಹ್ಮಾವರದವರು ಸರಿ.

ಆ ತೀರ್ಮಾನ ಸಭೆಗಳ ಆಡಳಿತ ಮಂಡಳಿಗಳಾದ ಸಿನೊಡ್‌ಗಳದ್ದು, ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ. ದಕ್ಷಿಣ ಭಾರತದ ಸಭೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. 1950ರಲ್ಲಿ ಅದು ಪ್ರಕಟಿಸಿದ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪುರಾತನ ಪದ್ಧತಿಯನ್ನು ಮರಳಿ ತಂದದ್ದು ಜಗತ್ತಿನ ಬೇರೆ ಸಭೆಗಳ ಗಮನವನ್ನೂ ಸೆಳೆಯಿತು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಹಚ್ಚುತ್ತಾರೆ. ಇಬ್ಬರೂ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚುತ್ತಾರೆ. ಮೇಜಿನಿಂದ ಹೊರಟ ಸಮಾಧಾನ ಬೆಂಚಿನಿಂದ ಬೆಂಚಿಗೆ ಹರಿಯುತ್ತದೆ. ನಡುವೆ ಮಗು ಕೂತಿದ್ದರೆ ಏನಾಗುತ್ತದೆ? ದೊಡ್ಡವರ ಕೈಗಳು ಅದರ ತಲೆಯ ಮೇಲಿಂದ ದಾಟಿ ಹೋಗುತ್ತವೆ. ಮಗು ತನ್ನ ಎರಡು ಕೈ ಚಾಚಿಯೇ ಇರುತ್ತದೆ, ಯಾರೂ ನೋಡುವುದಿಲ್ಲ. ಇದನ್ನು ಎಷ್ಟು ಚರ್ಚುಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ. ಮಗುವಿನ ಕೈಗೂ ಕೊಟ್ಟು ಮುಂದಕ್ಕೆ ದಾಟಿಸುವುದಕ್ಕೆ ಯಾವ ಸಿನೊಡ್ ಅನುಮತಿಯೂ ಬೇಡ.

ಹಾಗೆಯೇ ಪಾಠವಾಚನ. ಐದನೆಯ ತರಗತಿಯ ಹುಡುಗಿ ಹಿಂದಿನ ವಾರವೇ ಪಾಠ ತಿಳಿದುಕೊಂಡು, ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ ಬಂದರೆ, ಕನ್ನಡಕ ಹುಡುಕುವ ನಮ್ಮ ಹಿರಿಯರಿಗಿಂತ ಚೆನ್ನಾಗಿ ಓದುತ್ತಾಳೆ. ಹುಡುಗರು ಕಾಣಿಕೆಯ ಚೀಲ ಹಿಡಿಯಬಹುದು. ವಿಜ್ಞಾಪನೆಯ ಪ್ರಾರ್ಥನೆಯಲ್ಲಿ ಒಂದು ಬೇಡಿಕೆ ಮಕ್ಕಳದ್ದಿರಲಿ. ಪರೀಕ್ಷೆಗಾಗಿಯೋ ಕಾಯಿಲೆ ಬಿದ್ದ ನಾಯಿಗಾಗಿಯೋ ಇರಬಹುದು, ತಿದ್ದಬೇಡಿ. ಬೆಳೆಹಬ್ಬಕ್ಕೆ ಕುಂಬಳಕಾಯಿ, ಮೊಟ್ಟೆ, ಕೋಳಿ ಹೊತ್ತು ತರುವವರಲ್ಲಿ ಮಕ್ಕಳೇ ಮುಂದು. ಅವರನ್ನು ಆ ಕಾಣಿಕೆಗಳ ಹರಾಜಿನ ಗದ್ದಲಕ್ಕಷ್ಟೇ ಬಿಡದೆ ಮೇಜಿನ ತನಕ ಬರಗೊಡಿ. ಪ್ರಸಂಗ ಹದಿನೈದು ನಿಮಿಷಕ್ಕೆ ಇಳಿದರೆ ಮಕ್ಕಳಿಗಿಂತ ಮೊದಲು ದೊಡ್ಡವರು ಧನ್ಯವಾದ ಹೇಳುತ್ತಾರೆ.

ಒಂದು ಎಚ್ಚರಿಕೆಯ ಮಾತನ್ನು ಬಿಡುವಂತಿಲ್ಲ. ಮಕ್ಕಳನ್ನು ಎಲ್ಲರ ನಡುವೆ ಬೆರೆಸುತ್ತೇವೆ ಎಂದಾಗ ಅವರ ರಕ್ಷಣೆಯ ಹೊಣೆಯೂ ಎಲ್ಲರದಾಗುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮಾನ ಹೋಗುತ್ತದೆಂದು ಮುಚ್ಚಿಡುವುದಕ್ಕೆ ಅವಕಾಶವಿಲ್ಲ. ಗಾಯನ ಅಭ್ಯಾಸವಿರಲಿ, ತರಗತಿಯಿರಲಿ, ಒಬ್ಬರೇ ದೊಡ್ಡವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಕ್ಕಳೊಂದಿಗೆ ಇರಬಾರದು. ಎಲ್ಲರ ಕಣ್ಣೆದುರಿನ ಬೆಂಚು ಈ ದೃಷ್ಟಿಯಿಂದಲೂ ಹಿಂಬದಿಯ ಕೋಣೆಗಿಂತ ಮೇಲು.

ಸಂಡೇ ಸ್ಕೂಲನ್ನು ಮುಚ್ಚಿ ಎಂದು ನಾನು ಹೇಳಿದೆನೆಂದು ದಯವಿಟ್ಟು ವರದಿ ಮಾಡಬೇಡಿ. ಅದು ನನ್ನ ಜೀವನದ ಕೆಲಸ. ಕಥೆ ಕಲಿಸಲು, ಪ್ರಶ್ನೆ ಕೇಳಿಸಿಕೊಳ್ಳಲು, ಮಕ್ಕಳು ಮಕ್ಕಳೊಂದಿಗೇ ಇರಲು ಅದು ಬೇಕೇ ಬೇಕು. ಅದರ ಗಂಟೆ ಬದಲಾಗಬೇಕು, ಅಷ್ಟೇ. ನಮ್ಮಲ್ಲಿ ಎಷ್ಟೋ ಹಳ್ಳಿಯ ಸಭೆಗಳು ಆರಾಧನೆಗೆ ಮುಂಚೆಯೇ ಅದನ್ನು ಮುಗಿಸುತ್ತವೆ, ಬೇರೆ ಕೋಣೆ ಕಟ್ಟುವಷ್ಟು ದುಡ್ಡಿಲ್ಲದ ಕಾರಣಕ್ಕೆ. ನಿಮ್ಮಲ್ಲಿ ಚರ್ಚ್ ಕಮಿಟಿಗಳಲ್ಲಿ ಇರುವವರಿಗೆ ನನ್ನ ವಿನಂತಿ ಇದೊಂದೇ: ಮುಂದಿನ ವರ್ಷದ ವೇಳಾಪಟ್ಟಿಯನ್ನು ಕೈಗೆತ್ತಿಕೊಂಡಾಗ ಸಂಡೇ ಸ್ಕೂಲನ್ನು ಆರಾಧನೆಗೆ ಮುಕ್ಕಾಲು ಗಂಟೆ ಮುಂಚೆಯೋ ಚಹಾ ಆದ ನಂತರವೋ ಹಾಕಿ ಒಂದು ವರ್ಷ ನಡೆಸಿ ನೋಡಿ, ಮತ್ತು ಅದನ್ನು ತೀರ್ಮಾನಿಸುವ ಸಭೆಗೆ ಇಬ್ಬರು ಮಕ್ಕಳನ್ನೂ ಕರೆಯಿರಿ.